ಉದ್ದ ಕಾಲಿನವನಿಗೊಂದು ಸೈಕಲ್ಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿದ ಹಿರಿಯರಿಗೆ ನನ್ನ ಕಾಲಿನ ಪರಿಚಯ ಇರಲಿಲ್ಲ. ಇದ್ದಿದ್ದರೆ ಗಾದೆಯನ್ನು ಅಷ್ಟು ಸಲೀಸಾಗಿ ಕಟ್ಟುತ್ತಿರಲಿಲ್ಲ. ನಾನು ಈವರೆಗೆ ಮಲಗಿದ ಹಾಸಿಗೆಗಳೆಲ್ಲ ನನ್ನ ಮೀನಖಂಡದ ಹತ್ತಿರ ಮುಗಿದುಹೋಗಿವೆ. ಅಲ್ಲಿಂದ ಮುಂದಿನ ಕಾಲು ನನ್ನದಲ್ಲವೆಂದು ತಿಳಿದು ನಿದ್ದೆ ಮಾಡುವುದನ್ನು ಕಲಿತಿದ್ದೇನೆ. ಹಾಗೆಂದು ನಾನು ಪೂರ್ತಿ ಎತ್ತರದ ಆಳು ಎಂದೂ ಹೇಳುವಂತಿಲ್ಲ. ಸೊಂಟದಿಂದ ಕೆಳಗೆ ನಾನು ಭಾರೀ ಆಳು. ಸೊಂಟದಿಂದ ಮೇಲೆ ಏಳನೇ ಇಯತ್ತೆಯ ಹುಡುಗ. ನನ್ನನ್ನು ಮಾಡುವ ದಿನ ದೇವರ ಹತ್ತಿರ ಮಣ್ಣು ಕಡಿಮೆ ಬಿದ್ದಿರಬೇಕು, ಅಥವಾ ಕಾಲಿನಿಂದ ಶುರು ಮಾಡಿ ಲೆಕ್ಕ ತಪ್ಪಿರಬೇಕು. ಕುಷ್ಟಗಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೆ ಆ ಎರಡನೆಯ ಕಾರಣವೇ ಹೆಚ್ಚು ಸರಿ ಅನ್ನಿಸುತ್ತದೆ. ಇದು ರೋಗವಲ್ಲ, ಹಾಗಾಗಿ ರಜೆ ಸಿಗುವುದಿಲ್ಲ. ಅಂಗವೈಕಲ್ಯವಲ್ಲ, ಹಾಗಾಗಿ ಯಾರೂ ಜಾಗ ಬಿಡುವುದಿಲ್ಲ. ಸುಮ್ಮನೆ ಒಂದು ದಣಿವು, ದಿನವೂ ಮೈಯೊಂದಿಗೆ ಎದ್ದು ಮೈಯೊಂದಿಗೆ ಮಲಗುತ್ತದೆ.

ಹೆಣ್ಣು ನೋಡಲು ಯಲಬುರ್ಗಾಕ್ಕೆ ಹೋದಾಗ ನನ್ನನ್ನು ಮೊದಲೇ ಕುರ್ಚಿಯಲ್ಲಿ ಕೂರಿಸಿ ಆಮೇಲೆ ಹೆಣ್ಣಿನ ಕಡೆಯವರನ್ನು ಕರೆದರು. ಉಪ್ಪಿಟ್ಟು ಬಂತು, ಚಹಾ ಬಂತು, ಮಾತು ಚೆನ್ನಾಗಿ ನಡೆಯಿತು. ಹುಡುಗ ಸ್ವಲ್ಪ ಗಿಡ್ಡ, ಆದರೆ ನೌಕರಿ ಇದೆ ಎಂದು ಅವರೊಳಗೆ ಪಿಸುಮಾತಾಗಿ ಒಪ್ಪಿಗೆಯೂ ಆಗಿತ್ತಂತೆ. ಹೊರಡಲೆಂದು ನಾನು ಎದ್ದೆ. ಮುಂದಿನದನ್ನು ನನ್ನ ಹೆಂಡತಿ ಗಿರಿಜಾ ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. "ಇವರು ಏಳಾಕ ಹತ್ತಿದ್ರು. ಎದ್ರು, ಎದ್ರು, ಇನ್ನೂ ಏಳಾಕ ಹತ್ತಿದ್ರು. ಎಲ್ಲೀತನಕ ಏಳ್ತಾರ ಅಂತ ನಮ್ಮ ಸಣ್ಣವ್ವ ಬಾಗಲದಾಗ ನಿಂತು ಮಾಳಿಗಿ ಜಂತಿ ನೋಡಿದ್ಲು." ಆ ಸಣ್ಣವ್ವ, ಅಂದರೆ ಅವಳ ಚಿಕ್ಕಮ್ಮ, ಆಮೇಲೆ ಒಳಗೆ ಹೋಗಿ, "ಕುಂತಾವ ಒಬ್ಬ, ನಿಂತಾವ ಒಬ್ಬ. ಇದರಾಗ ವರ ಯಾರವಾ?" ಎಂದು ಕೇಳಿದಳಂತೆ. ಹೇಗೋ ಮದುವೆಯಾಯಿತು. ಇಬ್ಬರಲ್ಲಿ ಯಾರನ್ನು ಒಪ್ಪಿದೆ ಎಂದು ಗಿರಿಜಾಳನ್ನು ನಾನು ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ.

ಇಂಥ ಮೈಗೆ ಜಗತ್ತಿನ ಯಾವ ವಸ್ತುವೂ ಸರಿಹೊಂದುವುದಿಲ್ಲ ಎನ್ನುವುದು ಸಣ್ಣ ವಯಸ್ಸಿನಲ್ಲೇ ತಿಳಿಯುತ್ತದೆ. ಬಸ್ಸಿನಲ್ಲಿ ನನ್ನ ಮೊಣಕಾಲು ಮುಂದಿನ ಸೀಟಿನವರ ಬೆನ್ನಿಗೆ ಒತ್ತಿಕೊಂಡಿರುತ್ತದೆ. ಅವರು ತಿರುಗಿ ನೋಡಿದರೆ ಗಿಡ್ಡ ಮನುಷ್ಯನೊಬ್ಬ ಕೂತಿರುವುದು ಕಂಡು, ಬೇಕಂತಲೇ ಒದೆಯುತ್ತಿದ್ದಾನೆ ಎಂದು ಜಗಳಕ್ಕೆ ಬರುತ್ತಾರೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಕೂತರೆ ಹೆಡ್‌ಮಾಸ್ತರರ ಹೆಗಲಿನ ಹಿಂದೆ ಕಾಣೆಯಾಗುತ್ತೇನೆ, ನಿಂತರೆ ಫೋಟೋದವನು ನನ್ನ ತಲೆಯನ್ನು ಕತ್ತರಿಸುತ್ತಾನೆ. ಇದಕ್ಕೆಲ್ಲ ನಾನು ಹೊಂದಿಕೊಂಡಿದ್ದೆ. ಈ ವಯಸ್ಸಿನಲ್ಲಿ ಹೊಸದಾಗಿ ಒಂದು ಆಸೆ ಹುಟ್ಟದಿದ್ದರೆ ಹೀಗೇ ನಡೆದುಹೋಗುತ್ತಿತ್ತು.

ಆಸೆ ಹುಟ್ಟಿಸಿದವನು ನಮ್ಮ ಶಾಲೆಯ ಪಿ.ಟಿ. ಮಾಸ್ತರ ವೀರೇಶ. ನನಗಿಂತ ಚಿಕ್ಕವನು, ಅಂಗಡಿಯಲ್ಲಿ ತೂಗುಹಾಕಿದ ಯಾವ ಅಂಗಿಯನ್ನೂ ನೋಡದೆ ತಂದು ತೊಡಬಲ್ಲ ಭಾಗ್ಯವಂತ. ನನಗೆ ಮೊಣಕಾಲು ನೋವು ಶುರುವಾಗಿ, ಗಂಗಾವತಿಯ ಡಾಕ್ಟರು ಸೈಕಲ್ ತುಳಿಯಲು ಹೇಳಿದ್ದರು. ಅದನ್ನು ಸ್ಟಾಫ್ ರೂಮಿನಲ್ಲಿ ಬಾಯಿತಪ್ಪಿ ಹೇಳಿದೆ. ವೀರೇಶ ರವಿವಾರ ಬೆಳಿಗ್ಗೆ ತನ್ನ ಹಳೆಯ ರೇಸಿಂಗ್ ಸೈಕಲ್ ತಂದು ಮನೆಯ ಮುಂದೆ ನಿಲ್ಲಿಸಿಯೇಬಿಟ್ಟ. ಅವನ ಜೊತೆ ನಾಲ್ಕೈದು ಜನರ ಒಂದು ಗುಂಪಿದೆ. ಬೆಳಿಗ್ಗೆ ಕುಷ್ಟಗಿ ಬಿಟ್ಟು ತಾವರಗೇರಾಕ್ಕೆ ಹೋಗಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು, ಕರಗಿಸಿದ್ದನ್ನೆಲ್ಲ ವಾಪಸ್ ತುಂಬಿಕೊಂಡು ಬರುವುದು ಅವರ ವ್ಯಾಯಾಮ.

ಆ ದಿನ ಊರು ದಾಟಿ, ಸಜ್ಜೆ ಹೊಲಗಳ ನಡುವೆ ರಸ್ತೆ ಇಳಿಯುವಲ್ಲಿ ಗಾಳಿ ಬೆನ್ನಿಗೆ ಬಂತು. ತೆಳ್ಳನೆಯ ಆ ಸೈಕಲ್ಲು ತಾನಾಗಿಯೇ ಓಡತೊಡಗಿತು. ಸ್ವಲ್ಪ ಹೊತ್ತು, ನಿಜ ಹೇಳುತ್ತೇನೆ, ನನಗೆ ನನ್ನ ಮೈ ಮರೆತುಹೋಯಿತು. ಉದ್ದ ಕಾಲು ಉದ್ದ ಕಾಲಿನ ಕೆಲಸ ಮಾಡುತ್ತಿತ್ತು. ವೀರೇಶನನ್ನೇ ಹಿಂದೆ ಹಾಕಿದೆ. ಬಹಳ ಖುಷಿಯಾಯಿತು, ಕಣ್ಣಲ್ಲಿ ನೀರು ಬರುವಷ್ಟು. ಗಾಳಿಗೆ ಬಂತೆಂದು ಆಮೇಲೆ ಎಲ್ಲರಿಗೂ ಹೇಳಿದೆ. ಆದರೆ ತಾವರಗೇರಾದಲ್ಲಿ ಇಳಿಯಲು ಹೋದಾಗ ಬೆನ್ನು ನೆಟ್ಟಗಾಗಲಿಲ್ಲ. ಸೀಟು ನನ್ನ ಕಾಲಿಗೆ ತಕ್ಕಂತೆ ಮೇಲೇರಿತ್ತು, ಹ್ಯಾಂಡಲ್ಲು ದೂರದಲ್ಲಿ, ಕೆಳಗೆ ಇತ್ತು. ಚೋಟುದ್ದದ ನನ್ನ ಮುಂಡ ಅದನ್ನು ಮುಟ್ಟಲು ದಾರಿಯುದ್ದಕ್ಕೂ ಜಗ್ಗಿಕೊಂಡಿತ್ತು. ಬಗ್ಗಿಕೊಂಡೇ ಮಿರ್ಚಿ ತಿಂದೆ. ಬಗ್ಗಿಕೊಂಡೇ ಟಂಟಂ ಗಾಡಿಯಲ್ಲಿ, ಸೈಕಲ್ಲನ್ನು ಮೇಲೆ ಕಟ್ಟಿಸಿಕೊಂಡು ಮನೆಗೆ ಬಂದೆ. ಗಿರಿಜಾ ಬಾಗಿಲು ತೆರೆದು, "ಇದೇನು, ಕುಂತೂ ಇಲ್ಲ ನಿಂತೂ ಇಲ್ಲ, ಮೂರನೇದವರು ಯಾರ ಬಂದಾರ?" ಎಂದಳು.

ಅವತ್ತೇ ಎಣ್ಣೆ ಹಚ್ಚಿಸಿಕೊಂಡು ಬೋರಲು ಮಲಗಿದಾಗ ನಿಶ್ಚಯ ಮಾಡಿದೆ. ಈ ಭೂಮಿಯ ಮೇಲೆ ಒಂದೇ ಒಂದು ವಸ್ತುವಾದರೂ ನನ್ನ ಅಳತೆಗೆ ಇರಬೇಕು. ಮಂಚ ಬೇಡ, ಕುರ್ಚಿ ಬೇಡ, ಬಸ್ಸಂತೂ ನನ್ನ ಕೈಯಲ್ಲಿಲ್ಲ. ಒಂದು ಸೈಕಲ್ಲು ಸಾಕು.

ವೀರೇಶನೂ ನಾನೂ ಗಂಗಾವತಿಯ ಸೈಕಲ್ ಅಂಗಡಿಗೆ ಹೋದೆವು. ರೇಸಿಂಗ್ ಸೈಕಲ್ಲಿನಲ್ಲಿ ಚಕ್ರ, ಸೀಟು, ಹ್ಯಾಂಡಲ್ಲು ಎಲ್ಲ ಬದಲಿಸಬಹುದು. ಬದಲಿಸಲಾಗದ್ದು ಎಂದರೆ ಫ್ರೇಮು, ಅಂದರೆ ಸೈಕಲ್ಲಿನ ಎಲುಬಿನ ಗೂಡು. ಅದು ನಮ್ಮ ಎಲುಬಿಗೆ ಹೊಂದಬೇಕು. ಸಣ್ಣ ಫ್ರೇಮಿನ ಮೇಲೆ ನಾನು ಕೂತಾಗ ಮೊಣಕಾಲು ಎದೆಗೆ ಬಂತು. ಸೀಟು ಏರಿಸಿದರೆ ಹ್ಯಾಂಡಲ್ಲು ಪಾತಾಳಕ್ಕೆ ಇಳಿಯಿತು. ದೊಡ್ಡ ಫ್ರೇಮು ತಂದರು. ಕಾಲಿಗೆ ಸರಿಯಾಯಿತು, ಆದರೆ ಸೀಟು ಗಂಗಾವತಿಯಲ್ಲಿದ್ದರೆ ಹ್ಯಾಂಡಲ್ಲು ಕಾರಟಗಿಯಲ್ಲಿತ್ತು. ಅಂಗಡಿಯವನು ಸಮಾಧಾನಸ್ಥ. ನನ್ನನ್ನು ಇಳಿಸಿ, ಹತ್ತಿಸಿ, ಮತ್ತೆ ಇಳಿಸಿ, ಕೊನೆಗೆ, "ಕಂಪನಿಯವರು ಮನುಷ್ಯಾರನ್ನ ನೋಡೇ ಮಾಡ್ಯಾರ್ರಿ ಸರ" ಎಂದ.

"ಹಂಗಾದ್ರ ನಾನು?"

"ನೀವು ಮನುಷ್ಯಾರ ಅದೀರಿ. ಅದರಾಗ ಏನಿಲ್ಲ. ಸ್ವಲ್ಪ ಬ್ಯಾರೆ ಕಂಪನಿಯವರು ಅದೀರಿ" ಎಂದು ಚಹಾ ತರಿಸಿದ.

ಬೆಳಗಾವಿಯ ಕಡೆ ಅಳತೆ ಕೊಟ್ಟರೆ ಫ್ರೇಮು ಕಟ್ಟಿಕೊಡುವ ಕುಶಲಕರ್ಮಿಯೊಬ್ಬರು ಇದ್ದಾರೆಂದು ವೀರೇಶ ಪತ್ತೆ ಮಾಡಿದ. ಫೋನಿನಲ್ಲಿ ಬಹಳ ಸಭ್ಯವಾಗಿ ಮಾತಾಡಿದರು. "ಎರಡ ಅಳತಿ ಮುಖ್ಯ ನೋಡ್ರಿ. ಒಂದು, ಕಾಲಿನ ಒಳಗಿನ ಉದ್ದ. ಗ್ವಾಡಿಗೆ ಒರಗಿ ನಿಂತು, ಒಂದು ದಪ್ಪ ಪುಸ್ತಕ ತೊಡಿ ಸಂದಿಗೆ ಗಟ್ಯಾಗಿ ಒತ್ತಿ ಹಿಡೀರಿ. ನೆಲದಿಂದ ಪುಸ್ತಕದ ತನಕ ಎಷ್ಟು ಐತಿ ಹೇಳ್ರಿ. ಇನ್ನೊಂದು, ಸೊಂಟದಿಂದ ಕೊರಳ ಗುಣಿ ತನಕ. ಅಷ್ಟ ಕೊಡ್ರಿ, ಉಳಿದದ್ದು ನನಗ ಬಿಡ್ರಿ." ಇಷ್ಟು ಸುಲಭದ ಲೆಕ್ಕವೆಂದು ನಾನು ಗೋಡೆಗೆ ಒರಗಿ ನಿಂತು, ಗಿರಿಜಾಳಿಗೆ ಕಪಾಟಿನಿಂದ ಹತ್ತನೇ ಇಯತ್ತೆಯ ಗಣಿತದ ಗೈಡು ತರಲು ಹೇಳಿದೆ. ಅದಕ್ಕಿಂತ ದಪ್ಪನೆಯದು ಮನೆಯಲ್ಲಿ ಇರಲಿಲ್ಲ.

ಪುಸ್ತಕ ತಂದಳು. ಎಲ್ಲಿ ಇಡುವುದೆಂದು ತಿಳಿದ ಮೇಲೆ ಕೊಡಲಿಲ್ಲ. "ವಿದ್ಯಾ ಐತಿ ಅದರಾಗ. ಅದನ್ನ ಅಲ್ಲಿ ಇಡ್ತೀರೇನು? ಅದ ಪುಸ್ತಕದ ಮ್ಯಾಲೆ ಅನ್ನ ಉಣ್ಣಾಕ ಹತ್ತೀರಿ ನೀವು."

ಅವಳು ಹೇಳಿದ ಮೇಲೆ ನನಗೂ ಆಗಲಿಲ್ಲ. ಕಾಲಿಗೆ ಪುಸ್ತಕ ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮಂದಿ ನಾವು. ತೊಡೆಯ ಸಂದಿಗೆ ಒತ್ತಿದ್ದನ್ನು ಮರುದಿನ ಎಲ್ಲಿಗೆ ಒತ್ತಿಕೊಳ್ಳುವುದು? ರೊಟ್ಟಿ ಬಡಿಯುವ ಕೊಣಮಿಗೆಯನ್ನು ಕೇಳಿದೆ. ಅದಕ್ಕೆ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಅಳತೆಯ ಕೆಲಸವನ್ನು ಅಳತೆಯವರಿಗೇ ಒಪ್ಪಿಸುವುದು ಒಳ್ಳೆಯದೆಂದು ಬಜಾರಿನ ನಮ್ಮ ಟೇಲರ್ ಮೈಬೂಸಾಬರ ಹತ್ತಿರ ಹೋದೆ. ಮದುವೆಯಾದ ವರ್ಷದಿಂದ ನನ್ನ ಅಂಗಿ, ಪ್ಯಾಂಟು ಎಲ್ಲ ಅವರ ಕೈಯದೇ. ಎರಡು ಅಳತೆ ಬೇಕೆಂದೆ. ಯಾಕೆ, ಏನು ಎಂದು ಕೇಳಲಿಲ್ಲ. ಟೇಪು ಕೊರಳಿಂದ ತೆಗೆದು, ಕೆಳಗೊಮ್ಮೆ ಮೇಲೊಮ್ಮೆ ಆಡಿಸಿ, ಎರಡು ಅಂಕಿ ಹೇಳಿ ಮಷೀನಿಗೆ ಹೋಗಿ ಕೂತರು.

ಅಂಕಿಗಳನ್ನು ಬೆಳಗಾವಿಗೆ ತಿಳಿಸಿದೆ. ಆ ಕಡೆಯವರು, "ಇನ್ನೊಮ್ಮೆ ಅಳೆದು ನೋಡ್ರಿ ಸರ. ಇದು ಹಂಗೇನೂ ಬ್ಯಾರೆ ಅನಸೂದಿಲ್ಲ" ಎಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಜೀವಮಾನವಿಡೀ ಅನುಭವಿಸಿದ್ದನ್ನು ಫೋನಿನಲ್ಲಿ ಇಲ್ಲವೆನ್ನಿಸಿಕೊಳ್ಳುವುದು ಯಾರಿಗೆ ಹಿಡಿಸುತ್ತದೆ? "ನಮ್ಮ ಟೇಲರ್ ಅಳತಿ ಒಮ್ಮೆನೂ ತಪ್ಪಿಲ್ರಿ. ಸುಮ್ನ ಕಟ್ರಿ" ಎಂದೆ. ಕಟ್ಟಿದರು.

ಫ್ರೇಮು ಬರುವವರೆಗೆ ನಾನಿದ್ದ ಸ್ಥಿತಿಯನ್ನು ಹೇಳಿಕೊಳ್ಳಲು ನಾಚಿಕೆ. ತ್ರಿಭುಜ ಕಲಿಸುವಾಗ ಬೋರ್ಡಿನ ಮೇಲೆ ತಾನಾಗಿಯೇ ಸೈಕಲ್ಲು ಮೂಡುತ್ತಿತ್ತು. ಕಡೆಗೊಂದು ದಿನ ಪಾರ್ಸಲ್ಲು ಬಂತು. ವೀರೇಶ ಚಕ್ರ, ಚೈನು, ಸೀಟು ಎಲ್ಲ ಜೋಡಿಸಿದ. ನೀಲಿ ಬಣ್ಣ, ಬಹಳ ಚೆಂದ. ತನ್ನ ಸೈಕಲ್ಲನ್ನು ಅದರ ಪಕ್ಕಕ್ಕೆ ಒರಗಿಸಿ, ಎರಡನ್ನೂ ದಿಟ್ಟಿಸಿ, ತಲೆ ಕೆರೆದುಕೊಂಡ. "ಸರ, ತಪ್ಪು ತಿಳಕೋಬ್ಯಾಡ್ರಿ. ಬಣ್ಣ ಒಂದು ಬಿಟ್ರ ಇದು ನಂದ ಐತಿ."

ಹತ್ತಿ ಕೂತೆ. ಹ್ಯಾಂಡಲ್ಲು ಮತ್ತೆ ಕಾರಟಗಿಯಲ್ಲೇ ಇತ್ತು. ಅಂಗಳದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಬೆನ್ನು ಹಳೆಯ ಜಾಗದಲ್ಲೇ ಹಿಡಿಯಿತು. ಇಳಿದು ಕಟ್ಟೆಯ ಮೇಲೆ ಕೂತುಬಿಟ್ಟೆ. ಅಳು ಬರುವುದೊಂದು ಬಾಕಿ. ಅಂಗಡಿಯಲ್ಲಿ ನಿಂತ ಕಾಲಲ್ಲೇ ಸಿಗುವ ಫ್ರೇಮನ್ನು ನಾನು ಹೇಳಿ ಮಾಡಿಸಿ, ಕಾದು ತರಿಸಿಕೊಂಡಿದ್ದೆ. ಬೆಳಗಾವಿಯವರು ಫೋನಿನಲ್ಲಿ ಬೇಸರದಿಂದಲೇ, "ನೀವು ಕೊಟ್ಟದ್ದು ಬರೋಬ್ಬರಿ ಸಾಮಾನ್ಯ ಮನುಷ್ಯಾರ ಅಳತಿರಿ. ನಾ ಆಗಲೇ ಕೇಳಿದ್ನಲ್ಲ" ಎಂದರು. ಕೇಳಿದ್ದು ನಿಜ.

ನೇರವಾಗಿ ಮೈಬೂಸಾಬರ ಅಂಗಡಿಗೆ ಹೋದೆ. ದಾರಿಯಲ್ಲಿ ಮಾತುಗಳನ್ನು ಒರಟಾಗಿಯೇ ಜೋಡಿಸಿಕೊಂಡಿದ್ದೆ. ಅವರು ಗುಂಡಿ ಹಚ್ಚುತ್ತಿದ್ದರು.

"ಸಾಬ್ರ, ಖರೆ ಹೇಳ್ರಿ. ಅವತ್ತು ಕಾಲಿನ ಒಳಗಿನ ಅಳತಿ ಹೆಂಗ ತಗೊಂಡ್ರಿ?"

"ಯಾವಾಗ್ಲೂ ಹೆಂಗ ತಗೋತೀನಿ ಹಂಗ."

"ಪೂರಾ ಮ್ಯಾಲಿನ ತನಕ ಹಿಡಿದ್ರೇನು?"

"ತೋಬಾ ತೋಬಾ" ಎಂದು ಮೈಬೂಸಾಬರು ಸೂಜಿ ಕೆಳಗಿಟ್ಟರು. "ನನ್ನ ಹೆಣ್ಣಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮಾಸ್ತರು ನೀವು. ಅಲ್ಲೀತನಕ ಕೈ ಒಯ್ಯಾಕ ಆಗತೈತೇನ್ರಿ? ನಾಕು ಬೆರಳು ಕೆಳಗ ನಿಲ್ಲಸ್ತೀನಿ. ದೊಡ್ಡ ಮಂದಿಗೆಲ್ಲ ಹಂಗ. ನಮ್ಮ ಉಸ್ತಾದರು ಕಲಿಸಿದ ಅದಬ ಅದು, ಮರ್ಯಾದಿ."

"ಹಂಗಾದ್ರ ಪ್ಯಾಂಟು ಹೆಂಗ ಸರಿ ಆಗತೈತಿ?"

"ಕತ್ತರಸೂ ಮುಂದ ಕೂಡಸ್ತೀನಿ."

"ಮತ್ತ ನನಗ್ಯಾಕ ಕೂಡಿಸಿ ಹೇಳಲಿಲ್ಲ?"

"ನೀವು ಪ್ಯಾಂಟ್ ಎಲ್ಲಿ ಕೇಳಿದ್ರಿ? ಬರೇ ಅಳತಿ ಕೇಳಿದ್ರಿ."

ಮೇಲಿನ ಅಳತೆಯಾದರೂ ಸರಿಯಿದೆಯೇ ಎಂದು ಕೇಳಿದೆ. ಆಗ ಅವರು ಸ್ವಲ್ಪ ಹಿಂಜರಿದರು. ಅಂಗಡಿಯ ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿ ಹೇಳಿದರು. "ನಿಮ್ಮ ಸೊಂಟ ಎಲ್ಲೈತಿ, ಅಲ್ಲಿ ನಾ ಪ್ಯಾಂಟ್ ನಿಲ್ಲಸೂದಿಲ್ರಿ ಸರ. ಅಲ್ಲಿ ನಿಲ್ಲಿಸಿದ್ರ ಬರೇ ಕಾಲ ಹೊಂಟಂಗ ಕಾಣತೈತಿ. ಸೊಂಟ ಸ್ವಲ್ಪ ಕೆಳಗ ಇಳಿಸ್ತೀನಿ, ಅಂಗಿ ಉದ್ದ ಬಿಡ್ತೀನಿ. ನಿಮಗ ಸೊಂಟ ಅಂದ್ರ ನನ್ನ ಟೇಪು ತಾನಾಗೇ ಅಲ್ಲೇ ಹೋಗಿ ನಿಲ್ಲತೈತಿ. ಮದಿವಿ ಆದಾಗಿಂದ ಹಂಗ ಹೊಲ್ಯಾಕ ಹತ್ತೀನಿ. ಬಜಾರದಾಗ ಯಾರರ ನಿಮ್ಮನ್ನ ತಿರುಗಿ ನೋಡ್ಯಾರೇನು ಹೇಳ್ರಿ?"

ಯಾರೂ ನೋಡಿಲ್ಲ. ಇಷ್ಟು ವರ್ಷ ಅದಕ್ಕೆ ನಾನು ಕೊಟ್ಟುಕೊಂಡ ಕಾರಣ ಬೇರೆ. ಊರಿಗೆ ನಾನು ರೂಢಿಯಾಗಿದ್ದೇನೆ, ವಯಸ್ಸಾದಂತೆ ಮೈಗೆ ಒಂದು ಹದ ಬಂದಿದೆ ಎಂದುಕೊಂಡಿದ್ದೆ. ಹದ ಬಂದದ್ದು ಮೈಗಲ್ಲ, ಅಂಗಿಗೆ. ಒಬ್ಬ ಮನುಷ್ಯ ಒಂದು ಮಾತೂ ಆಡದೆ, ನನಗೂ ತಿಳಿಸದೆ, ಕತ್ತರಿಯಲ್ಲಿ ನನ್ನ ಮಾನ ಕಾಯ್ದುಕೊಂಡು ಬಂದಿದ್ದ. ಸಾಬರು ಹೊಲಿದು ಹೊಲಿದು ಊರಿಗೆ ತೋರಿಸುತ್ತಿದ್ದ ಆ ಸರಿಯಾದ ಮನುಷ್ಯನ ಅಳತೆಗೆ ಬೆಳಗಾವಿಯವರು ಫ್ರೇಮು ಕಟ್ಟಿಕೊಟ್ಟಿದ್ದರು. ಅಂಥವನೊಬ್ಬ ಇರಲೇ ಇಲ್ಲ. ಬೆನ್ನು ಮಾತ್ರ ನನ್ನದಿತ್ತು.

"ಈಗ ಸೈಕಲ್ಲಿಗೆ ಖರೆ ಅಳತಿ ಬೇಕ್ರಿ ಸಾಬ್ರ" ಎಂದೆ. ವಿಷಯ ತಿಳಿದು ಅವರಿಗೆ ಬಹಳ ಕೆಡುಕೆನಿಸಿತು. ಪರದೆ ಎಳೆದರು. ಪುಸ್ತಕದ ಬದಲಿಗೆ ತಮ್ಮ ಮರದ ಸ್ಕೇಲನ್ನು ನನ್ನ ಕೈಗೆ ಕೊಟ್ಟು, "ನೀವ ಇಟ್ಕೊಳ್ರಿ, ನಾ ಗ್ವಾಡಿ ನೋಡ್ತೀನಿ" ಎಂದು ಮುಖ ತಿರುಗಿಸಿ, ನೋಡದೆಯೇ ಟೇಪು ಕೆಳಗೆ ಬಿಟ್ಟು, ಬೆರಳಲ್ಲಿ ಗುರುತು ಹಿಡಿದು ಆಮೇಲೆ ಓದಿದರು. ಅಂಕಿ ಹೇಳುವಾಗ ಅವರ ದನಿ ಸತ್ತ ಸುದ್ದಿ ಹೇಳುವವರ ದನಿಯಾಗಿತ್ತು. ಸೊಂಟವನ್ನೂ ಅದು ಇರುವಲ್ಲೇ ಹುಡುಕಿ ಅಳೆದರು. "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ನೀಲಿ ಫ್ರೇಮು ವೀರೇಶನಿಗೆ ಹೋಯಿತು. ಅವನಿಗೆ ಅದು ಅಚ್ಚುಕಟ್ಟಾಗಿ ಹೊಂದಿತು, ಹೊಂದದೆ ಏನು ಮಾಡೀತು. ಬೆಳಗಾವಿಯವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಕಟ್ಟಿಕೊಡಲು ಒಪ್ಪಿದರು. ನಿನ್ನೆ ಸಂಜೆ ಫೋನು ಮಾಡಿ ಹೊಸ ಅಂಕಿಗಳನ್ನು ಒಂದೊಂದಾಗಿ, ಬಿಡಿಸಿ ಹೇಳಿದೆ. ಆ ಕಡೆಯವರು ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡು ಬರೆದುಕೊಂಡರು. ಗಿರಿಜಾ ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ಇತ್ತಲೇ ಕಿವಿ ಇಟ್ಟಿದ್ದಳು.

"ಸರ" ಎಂದರು ಅವರು ಕೊನೆಗೆ, ಬಹಳ ಮೆತ್ತಗೆ. "ಇಷ್ಟು ವರ್ಷದಾಗ ಇಂಥಾ ಅಳತಿ ನಾ ಕೇಳಿಲ್ರಿ. ಇದು ಖರೇನ ನಿಮ್ಮದ ಏನ್ರಿ?"

ಹೌದು ಎನ್ನಬೇಕಿತ್ತು. ಆ ಒಂದು ಹೌದಿಗಾಗಿಯೇ ಇಷ್ಟೆಲ್ಲ ನಡೆದದ್ದು. ಬಾಯಿ ತೆರೆದೆ. "ಏ, ಇಲ್ರಿ" ಎಂದಿತು ಬಾಯಿ. "ನಮ್ಮ ಟೇಲರಿಗೆ ವಯಸ್ಸಾಗೇತ್ರಿ, ಟೇಪು ಸಡ್ಲ ಹಿಡದಿರಬೇಕು. ನೀವು ಕಾಲಿಗೆ ಒಂದೆರಡು ಇಂಚು ಕಡಿಮಿ ಮಾಡಿ, ಮ್ಯಾಲೆ ಒಂದೆರಡು ಹೆಚ್ಚಿಗಿ ಹಿಡಿದು ಬಿಡ್ರಿ."

"ಹಾಂ, ಹಂಗ ಅನ್ರಿ ಮತ್ತ" ಎಂದರು. ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ ಇಲ್ಲಿಗೆ ಕೇಳಿಸಿತು. ಇಂದು ಬೆಳಿಗ್ಗೆ ಫ್ರೇಮಿನ ಕೆಲಸ ಹಿಡಿದಿದ್ದಾರಂತೆ. ಗಿರಿಜಾ ಬೆನ್ನಿಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಒಳಗಿನ ಕಪಾಟಿನಿಂದ ತೆಗೆದು, ಕೈಗೆ ಸಿಗುವಂತೆ ಹೊರಗಿಟ್ಟಿದ್ದಾಳೆ.